ಶಾಲೆಯಲ್ಲಿ ಆಯುಧಚಿತ್ರ ಮತ್ತು ವಿದ್ಯಾರ್ಥಿಯ ಅಭಿವ್ಯಕ್ತಿ

ಬಂದೂಕು, ಕತ್ತಿ, ಬಾಂಬು ಮುಂತಾದವುಗಳ ಚಿತ್ರವಿರುವ ಅಂಗಿ ಅಥವಾ ಟೋಪಿ, ನೋಟುಪುಸ್ತಕದ ಅಂಚಿನ ಗೀಚು, ಹಿಂಸೆಯ ವರ್ಣನೆಯಿರುವ ಕವನ, ಬೆರಳನ್ನೇ ಪಿಸ್ತೂಲಾಗಿಸಿ ಆಡುವ ಆಟ ಇವೆಲ್ಲ ವಿದ್ಯಾರ್ಥಿಯ ಅಭಿವ್ಯಕ್ತಿಯೋ, ಶಾಲೆಯ ಸುರಕ್ಷತೆಗೆ ಒದಗಿದ ಅಪಾಯವೋ ಎಂಬ ಪ್ರಶ್ನೆ ಮುಖ್ಯವಾಗಿ ಅಮೆರಿಕದ ಸರ್ಕಾರಿ ಶಾಲೆಗಳಿಗೆ ಸೇರಿದ್ದು. ಅಲ್ಲಿ ಅದು ಇಷ್ಟು ತೀವ್ರವಾಗಲು ಎರಡು ಕಾರಣಗಳಿವೆ. ಸಂವಿಧಾನದ ಒಂದನೇ ತಿದ್ದುಪಡಿ ಮಾತಿನ ಸ್ವಾತಂತ್ರ್ಯವನ್ನು ಸರ್ಕಾರದ ಕೈಯಿಂದ ಕಾಪಾಡುತ್ತದೆ, ಸರ್ಕಾರಿ ಶಾಲೆಯೂ ಸರ್ಕಾರದ ಅಂಗವೇ. ಎರಡನೇ ತಿದ್ದುಪಡಿ ಆಯುಧ ಇಟ್ಟುಕೊಳ್ಳುವ ಹಕ್ಕನ್ನು ಕೊಡುತ್ತದೆ, ಹಾಗಾಗಿ ಬಂದೂಕಿನ ಚಿತ್ರ ಅಲ್ಲಿ ರಾಜಕೀಯ ನಿಲುವಿನ ಗುರುತೂ ಹೌದು. ಅದೇ ಬಂದೂಕು ಅಲ್ಲಿನ ಶಾಲೆಗಳಲ್ಲಿ ಮಕ್ಕಳನ್ನು ಕೊಂದ ಸಾಧನವೂ ಹೌದು. ಸಮವಸ್ತ್ರ ರೂಢಿಯಲ್ಲಿರುವ ಕರ್ನಾಟಕದ ಶಾಲೆಗಳಲ್ಲಿ ಅಂಗಿಯ ಮೇಲಿನ ಬಂದೂಕಿನ ಜಗಳ ಏಳುವ ಸಂದರ್ಭವೇ ಕಡಿಮೆ. ಮಕ್ಕಳು ಮನೆಯ ಬಟ್ಟೆಯಲ್ಲೇ ಬರುವ ಅಮೆರಿಕದ ಬಹುಪಾಲು ಸರ್ಕಾರಿ ಶಾಲೆಗಳಲ್ಲಿ ಮಗುವಿನ ಎದೆಯ ಮೇಲೆ ಏನು ಅಚ್ಚಾಗಿದೆ ಎಂಬುದು ದಿನನಿತ್ಯದ ಆಡಳಿತದ ಪ್ರಶ್ನೆ. ಅಲ್ಲಿನ ಖಾಸಗಿ ಶಾಲೆಗಳಿಗೆ ಒಂದನೇ ತಿದ್ದುಪಡಿ ಅನ್ವಯಿಸುವುದಿಲ್ಲ.

ಕಾನೂನಿನ ತಳಹದಿ

ವಿದ್ಯಾರ್ಥಿಗೂ ಸ್ವಂತ ಅಭಿಪ್ರಾಯದ ಹಕ್ಕುಂಟು ಎಂಬ ಮಾತು ನ್ಯಾಯಾಲಯದಲ್ಲಿ ಗಟ್ಟಿಯಾಗಿ ಕೇಳಿಬಂದದ್ದು ಎರಡನೇ ಮಹಾಯುದ್ಧದ ನಡುವೆ. ಶಾಲೆಯಲ್ಲಿ ಧ್ವಜವಂದನೆ ಮಾಡಲು ಧಾರ್ಮಿಕ ಕಾರಣದಿಂದ ಒಪ್ಪದ ಮಕ್ಕಳನ್ನು ಹೊರಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟು 1943ರ ಬಾರ್ನೆಟ್ ಪ್ರಕರಣದಲ್ಲಿ ಹೇಳಿತು. ಈ ತೀರ್ಪಿಗೆ ಭಾರತದ ನಂಟೂ ಇದೆ. ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಂತರೂ ಹಾಡಲಿಲ್ಲವೆಂದು ಶಾಲೆಯಿಂದ ತೆಗೆದುಹಾಕಲಾಗಿತ್ತು. ಆ ಕ್ರಮವನ್ನು ರದ್ದುಮಾಡಿದ 1986ರ ಬಿಜೋ ಇಮ್ಯಾನ್ಯುಯೆಲ್ ತೀರ್ಪಿನಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರು ಬಾರ್ನೆಟ್ ತೀರ್ಪನ್ನು ಉಲ್ಲೇಖಿಸಿದ್ದಾರೆ.

ಇಂದಿಗೂ ಎಲ್ಲ ವಾದಗಳು ಸುತ್ತಿಬಂದು ನಿಲ್ಲುವುದು 1969ರ ಟಿಂಕರ್ ತೀರ್ಪಿನ ಬಳಿ. 1965ರ ಡಿಸೆಂಬರಿನಲ್ಲಿ ಅಯೋವಾ ರಾಜ್ಯದ ಡಿ ಮೊಯಿನ್ ನಗರದ ಕೆಲವು ಮಕ್ಕಳು ವಿಯೆಟ್ನಾಂ ಯುದ್ಧದಲ್ಲಿ ಸತ್ತವರಿಗಾಗಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋದರು. ಶಾಲೆ ಅವರನ್ನು ಅಮಾನತು ಮಾಡಿತು. ಮೇರಿ ಬೆತ್ ಟಿಂಕರ್‌ಗೆ ಆಗ 13 ವರ್ಷ. ಸುಪ್ರೀಂ ಕೋರ್ಟು 7–2ರ ಬಹುಮತದಿಂದ ಮಕ್ಕಳ ಪರ ನಿಂತಿತು. ನ್ಯಾಯಮೂರ್ತಿ ಏಬ್ ಫೋರ್ಟಸ್ ಬರೆದ ತೀರ್ಪಿನ ಸಾರ ಇಷ್ಟು: ವಿದ್ಯಾರ್ಥಿ ತನ್ನ ಹಕ್ಕನ್ನು ಶಾಲೆಯ ಬಾಗಿಲಲ್ಲಿ ಕಳಚಿಟ್ಟು ಒಳಗೆ ಬರುವುದಿಲ್ಲ. ಅವನ ಅಭಿವ್ಯಕ್ತಿಯಿಂದ ಶಾಲೆಯ ಕೆಲಸಕ್ಕೆ ಗಣನೀಯ ಅಡ್ಡಿಯಾದರೆ, ಆಗುತ್ತದೆಂದು ಊಹಿಸಲು ಆಧಾರವಿದ್ದರೆ, ಅಥವಾ ಇತರರ ಹಕ್ಕಿನ ಮೇಲೆ ಅದು ಕೈಮಾಡಿದರೆ ಮಾತ್ರ ಶಾಲೆ ತಡೆಯಬಹುದು. ಏನೋ ಆದೀತು ಎಂಬ ಬರಿಯ ಅಳುಕು ಸಾಲದು. ಭಿನ್ನಮತ ಬರೆದ ಹ್ಯೂಗೋ ಬ್ಲ್ಯಾಕ್, ಇದರಿಂದ ಶಾಲೆಗಳು ಮಕ್ಕಳ ಕೈಗೆ ಹೋಗುತ್ತವೆ ಎಂದು ಕಳವಳಪಟ್ಟರು. ಮುಂದಿನ ಆಯುಧಚಿತ್ರದ ಮೊಕದ್ದಮೆಗಳಲ್ಲೆಲ್ಲ ಚರ್ಚೆಯಾದದ್ದು ಆಧಾರವುಳ್ಳ ಊಹೆಗೂ ಬರಿಯ ಅಳುಕಿಗೂ ನಡುವಿನ ಗೆರೆ ಎಲ್ಲಿದೆ ಎಂಬುದೇ.

ಟಿಂಕರ್ ತೀರ್ಪಿಗೆ ಆಮೇಲೆ ಕೆಲವು ಬೇಲಿಗಳು ಬಿದ್ದವು. ಶಾಲಾಸಭೆಯ ಅಶ್ಲೀಲ ಮಾತಿಗೆ ರಕ್ಷಣೆಯಿಲ್ಲ (ಫ್ರೇಸರ್, 1986). ಶಾಲೆಯೇ ನಡೆಸುವ ಪತ್ರಿಕೆಯಲ್ಲಿ ಏನು ಬರಬೇಕೆಂದು ಶಾಲೆ ನಿರ್ಧರಿಸಬಹುದು (ಹೇಜಲ್‌ವುಡ್, 1988). ಮಾದಕವಸ್ತುವನ್ನು ಪ್ರೋತ್ಸಾಹಿಸುವಂತೆ ತೋರುವ ಬ್ಯಾನರನ್ನು ಕಿತ್ತುಕೊಳ್ಳಬಹುದು (ಮೋರ್ಸ್, 2007). ಮೋರ್ಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಅಲಿಟೊ ಪ್ರತ್ಯೇಕವಾಗಿ ಬರೆದ ಸಹಮತದಲ್ಲಿ ಮಕ್ಕಳ ದೈಹಿಕ ಸುರಕ್ಷತೆಯ ಮಾತೆತ್ತಿದರು. ಅದನ್ನೇ ಹಿಡಿದು ಐದನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಅದೇ ವರ್ಷ, ಸಾಮೂಹಿಕ ಹಿಂಸೆಯ ಬೆದರಿಕೆಗೆ ಟಿಂಕರ್ ಅಳತೆಗೋಲೇ ಬೇಡ ಎಂಬ ತನಕ ಹೋಯಿತು. 2021ರ ಮಹನೋಯ್ ತೀರ್ಪು ಶಾಲೆಯ ಹೊರಗಿನ ಮಾತಿನ ಮೇಲೆ ಶಾಲೆಯ ಹಿಡಿತವನ್ನು ಸಡಿಲಿಸಿತು, ಆದರೆ ಶಿಕ್ಷಕರಿಗೋ ಸಹಪಾಠಿಗಳಿಗೋ ಒಡ್ಡುವ ಬೆದರಿಕೆಯನ್ನು ಶಾಲೆ ಗಮನಿಸಬಹುದಾದ ವಿಷಯಗಳ ಸಾಲಿನಲ್ಲೇ ಉಳಿಸಿತು.

ಇದರ ಜೊತೆಗೆ ನಿಜವಾದ ಬೆದರಿಕೆ ಎಂಬ ಬೇರೆಯದೇ ವರ್ಗವಿದೆ. ಅದಕ್ಕೆ ಒಂದನೇ ತಿದ್ದುಪಡಿಯ ರಕ್ಷಣೆ ಇಲ್ಲವೇ ಇಲ್ಲ. ಕುತೂಹಲದ ಸಂಗತಿಯೆಂದರೆ ಈ ವರ್ಗಕ್ಕೆ ರೂಪ ಕೊಟ್ಟ 1969ರ ವಾಟ್ಸ್ ಪ್ರಕರಣವೂ ಬಂದೂಕಿನ ಮಾತಿನಿಂದಲೇ ಹುಟ್ಟಿದ್ದು. ತನ್ನ ಕೈಗೆ ಕೋವಿ ಕೊಟ್ಟರೆ ಮೊದಲು ಗುರಿಯಿಡುವುದು ಅಧ್ಯಕ್ಷ ಜಾನ್ಸನ್ನರಿಗೆ ಎಂದು 18 ವರ್ಷದ ಯುವಕನೊಬ್ಬ ಸಭೆಯಲ್ಲಿ ಹೇಳಿದ್ದ, ಕೇಳಿದವರು ನಕ್ಕಿದ್ದರು. ಅದು ರಾಜಕೀಯದ ಉತ್ಪ್ರೇಕ್ಷೆ, ಬೆದರಿಕೆಯಲ್ಲ ಎಂದು ಕೋರ್ಟು ತೀರ್ಮಾನಿಸಿತು. ಮಾತಿನಷ್ಟೇ ಕೇಳಿದವರ ನಗುವಿಗೂ, ಸಭೆಯ ಸಂದರ್ಭಕ್ಕೂ ಅಲ್ಲಿ ತೂಕವಿತ್ತು. 2023ರ ಕೌಂಟರ್‌ಮನ್ ತೀರ್ಪಿನ ಪ್ರಕಾರ ಕ್ರಿಮಿನಲ್ ಶಿಕ್ಷೆ ವಿಧಿಸಬೇಕಾದರೆ, ತನ್ನ ಮಾತು ಬೆದರಿಕೆಯಂತೆ ಕೇಳೀತೆಂಬ ಅರಿವಿದ್ದೂ ಆಡಿದವನು ಲೆಕ್ಕಿಸಲಿಲ್ಲ ಎಂಬುದನ್ನಾದರೂ ಸಾಬೀತುಪಡಿಸಬೇಕು. ಶಾಲೆಯ ಅಮಾನತಿಗೆ ಅಷ್ಟು ಬೇಕಿಲ್ಲ.

ಶೂನ್ಯ ಸಹಿಷ್ಣುತೆಯ ಕಾಲ

1994ರ ಬಂದೂಕುಮುಕ್ತ ಶಾಲೆಗಳ ಕಾಯ್ದೆ ಶಾಲೆಗೆ ಬಂದೂಕು ತಂದ ವಿದ್ಯಾರ್ಥಿಯನ್ನು ಕನಿಷ್ಠ ಒಂದು ವರ್ಷ ಹೊರಹಾಕುವ ನಿಯಮ ಮಾಡಿಕೊಳ್ಳಬೇಕೆಂದು, ಒಕ್ಕೂಟ ಸರ್ಕಾರದ ಅನುದಾನ ಪಡೆಯುವ ರಾಜ್ಯಗಳಿಗೆ ವಿಧಿಸಿತು. ಪ್ರತಿ ಪ್ರಕರಣವನ್ನೂ ಅದರದರ ಸ್ವರೂಪಕ್ಕೆ ತಕ್ಕಂತೆ ಸಡಿಲಿಸುವ ಅವಕಾಶವನ್ನೂ ಕಾಯ್ದೆಯೇ ಕೊಟ್ಟಿತ್ತು. ಕಾಯ್ದೆ ಹೇಳಿದ್ದು ನಿಜವಾದ ಬಂದೂಕಿನ ವಿಷಯ. 1999ರ ಏಪ್ರಿಲ್ 20ರಂದು ಕೊಲೊರಾಡೊದ ಕೊಲಂಬೈನ್ ಪ್ರೌಢಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿ 12 ವಿದ್ಯಾರ್ಥಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದ ಮೇಲೆ ಶಾಲಾಮಂಡಳಿಗಳು ಅದನ್ನು ತಾವಾಗಿ ಹಿಗ್ಗಿಸುತ್ತ ಹೋದವು. ಬಂದೂಕಿನಿಂದ ಆಟಿಕೆಗೆ, ಆಟಿಕೆಯಿಂದ ಚಿತ್ರಕ್ಕೆ, ಚಿತ್ರದಿಂದ ಬೆರಳಿಗೆ ನಿಯಮ ಇಳಿಯಿತು. ತಪ್ಪು ಸಣ್ಣದಿರಲಿ ದೊಡ್ಡದಿರಲಿ ಶಿಕ್ಷೆ ತಪ್ಪದು ಎಂಬ ಈ ಧೋರಣೆಗೆ ಶೂನ್ಯ ಸಹಿಷ್ಣುತೆ ಎಂದು ಹೆಸರು. 1980ರ ದಶಕದ ಮಾದಕವಸ್ತು ನಿಗ್ರಹದ ಪರಿಭಾಷೆಯಿಂದ ಶಾಲೆಗೆ ಬಂದ ಪದವಿದು.

ಫಲ ಕೆಲವೊಮ್ಮೆ ನಗೆಪಾಟಲಾಯಿತು. ನ್ಯೂಜೆರ್ಸಿಯ ಸೇರ್‌ವಿಲ್‌ನಲ್ಲಿ 2000ದ ಮಾರ್ಚ್‌ನಲ್ಲಿ ಶಿಶುವಿಹಾರದ ಮಕ್ಕಳು ಆಟದಲ್ಲಿ ಬೆರಳು ಚಾಚಿ ಗುಂಡಿಕ್ಕುತ್ತೇನೆಂದು ಹೇಳಿದ್ದಕ್ಕೆ 3 ದಿನ ಅಮಾನತಾದರು. ಮಿಷಿಗನ್‌ನಲ್ಲಿ ಆರು ವರ್ಷದ ಮಗು ಸಹಪಾಠಿಯನ್ನು ನಿಜವಾಗಿಯೇ ಗುಂಡಿಟ್ಟು ಕೊಂದು ಆಗಿನ್ನೂ ಹೆಚ್ಚು ದಿನ ಕಳೆದಿರಲಿಲ್ಲ. ಮೂರನೇ ಸರ್ಕಿಟ್ ನ್ಯಾಯಾಲಯ 2003ರಲ್ಲಿ ಶಾಲೆಯ ಪರವಾಗಿಯೇ ಹೇಳಿತು. 2012ರಲ್ಲಿ ನೆಬ್ರಾಸ್ಕದಲ್ಲಿ ಕಿವುಡ ಮಗುವೊಂದು ಸಂಕೇತಭಾಷೆಯಲ್ಲಿ ತನ್ನ ಹೆಸರನ್ನು ತೋರಿಸುವ ಕೈಮುದ್ರೆ ಪಿಸ್ತೂಲಿನಂತೆ ಕಾಣುತ್ತದೆಂಬ ವಿವಾದವೆದ್ದು ದೇಶದ ಸುದ್ದಿಯಾಯಿತು. ಎಲ್ಲಕ್ಕಿಂತ ಹೆಸರಾದದ್ದು ಮೇರಿಲ್ಯಾಂಡ್‌ನ 2013ರ ಪ್ರಸಂಗ. ಏಳು ವರ್ಷದ ಹುಡುಗ ತಿಂಡಿಯ ಹೊತ್ತಿನಲ್ಲಿ ಸಿಹಿ ಪೇಸ್ಟ್ರಿಯನ್ನು ಕಚ್ಚಿ ಕಚ್ಚಿ ಬಂದೂಕಿನ ಆಕಾರಕ್ಕೆ ತಂದು ಆಡಿಸಿದನೆಂದು 2 ದಿನ ಅಮಾನತಾದ. ಅವನ ಹಿಂದಿನ ನಡವಳಿಕೆಯೂ ಸೇರಿ ಶಿಕ್ಷೆ ಕೊಟ್ಟದ್ದೆಂದು ಶಾಲೆ ವಾದಿಸಿತು, 2016ರಲ್ಲಿ ಅಲ್ಲಿನ ನ್ಯಾಯಾಧೀಶರು ಅದನ್ನು ಒಪ್ಪಿದರು.

ಈ ಪೇಸ್ಟ್ರಿ ಶಾಸನಸಭೆಯನ್ನೂ ಮುಟ್ಟಿತು. ಫ್ಲಾರಿಡ ರಾಜ್ಯ 2014ರಲ್ಲಿ ಮಾಡಿದ ಕಾನೂನು, ಆಟದಲ್ಲಿ ಆಯುಧವನ್ನು ಅನುಕರಿಸಿದ ಮಾತ್ರಕ್ಕೆ ಮಗುವನ್ನು ಶಿಕ್ಷಿಸಬಾರದೆಂದು ಹೇಳಿ, ಯಾವುದಕ್ಕೆಲ್ಲ ವಿನಾಯಿತಿ ಎಂಬುದನ್ನು ಪಟ್ಟಿಮಾಡಿದೆ. ಅರ್ಧ ತಿಂದ ಪೇಸ್ಟ್ರಿಯನ್ನು ಬೀಸುವುದು, 2 ಅಂಗುಲಕ್ಕೆ ಮೀರದ ಆಟಿಕೆ ಆಯುಧ ಇಟ್ಟುಕೊಳ್ಳುವುದು, ಪ್ಲಾಸ್ಟಿಕ್ ತುಣುಕುಗಳನ್ನು ಜೋಡಿಸಿ ಬಂದೂಕು ಮಾಡುವುದು, ಬೆರಳು ಚಾಚುವುದು, ಬಾಯಲ್ಲಿ ಗುಂಡಿನ ಸದ್ದು ಹೊರಡಿಸುವುದು, ಪೆನ್ಸಿಲನ್ನು ಪಿಸ್ತೂಲಾಗಿಸುವುದು, ಬಂದೂಕಿನ ಚಿತ್ರ ಬರೆಯುವುದು. ಆಯುಧದ ಚಿತ್ರವಿರುವ ಬಟ್ಟೆಗೂ ಅದೇ ರಕ್ಷಣೆ ಸಿಕ್ಕಿತು. ಕಲಿಕೆಗೆ ಗಣನೀಯ ಅಡ್ಡಿಯಾದರೆ, ಯಾರಿಗಾದರೂ ಪೆಟ್ಟಾದರೆ ಅಥವಾ ಪೆಟ್ಟಾದೀತೆಂಬ ಭಯ ಹುಟ್ಟಿಸಿದರೆ ಮಾತ್ರ ಶಿಕ್ಷಿಸಬಹುದು. ಟಿಂಕರ್ ಅಳತೆಗೋಲು ಹೀಗೆ ತಿಂಡಿಯ ತಟ್ಟೆಯ ತನಕ ಬಂತು. ಮೊದಲು ಅಂಥದ್ದನ್ನು ಶಿಕ್ಷಿಸಿದ್ದರಿಂದಲೇ ಆಮೇಲೆ ಅದನ್ನು ಶಿಕ್ಷಿಸಬಾರದೆಂಬ ಇಷ್ಟು ಸೂಕ್ಷ್ಮದ ಕಾನೂನು ಬೇಕಾಯಿತು ಎಂಬುದನ್ನು ಗಮನಿಸಬೇಕು.

ಅಮೆರಿಕದ ಮನೋವಿಜ್ಞಾನ ಸಂಘದ ಕಾರ್ಯಪಡೆ 2008ರಲ್ಲಿ ಪ್ರಕಟಿಸಿದ ಪರಿಶೀಲನೆ, ಇಂಥ ಕಠಿಣ ನಿಯಮಗಳಿಂದ ಶಾಲೆಗಳು ಹೆಚ್ಚು ಸುರಕ್ಷಿತವಾದುವೆಂಬುದಕ್ಕೆ ಆಧಾರವಿಲ್ಲವೆಂದು ಕಂಡುಕೊಂಡಿತು. ಎಲ್ಲರಿಗೂ ಒಂದೇ ಶಿಕ್ಷೆ ಎಂಬ ನಿಯಮ ಎಲ್ಲರ ಮೇಲೂ ಒಂದೇ ತೆರನಾಗಿ ಬೀಳಲೂ ಇಲ್ಲ. ಒಕ್ಕೂಟ ಶಿಕ್ಷಣ ಇಲಾಖೆಯ 2011–12ರ ಲೆಕ್ಕದಂತೆ ಕಪ್ಪು ವಿದ್ಯಾರ್ಥಿಗಳ ಅಮಾನತು ಮತ್ತು ಉಚ್ಚಾಟನೆಯ ಪ್ರಮಾಣ ಬಿಳಿಯರದಕ್ಕಿಂತ ಮೂರು ಪಟ್ಟು. ನಿಯಮ ಸಡಿಲವಾದರೆ ಶಿಕ್ಷಕರ ಪೂರ್ವಗ್ರಹಕ್ಕೆ ದಾರಿಯಾದೀತೆಂಬ ಅಂಜಿಕೆಯಿಂದಲೂ ಕೆಲವರು ಯಾಂತ್ರಿಕ ನಿಯಮವನ್ನು ಬಯಸಿದ್ದರು. ಅಂಕಿಗಳು ಅವರ ನಿರೀಕ್ಷೆಯನ್ನು ಬೆಂಬಲಿಸಲಿಲ್ಲ.

ಮಕ್ಕಳ ಯುದ್ಧದಾಟದ ಬಗ್ಗೆ ಶಿಕ್ಷಣತಜ್ಞರಲ್ಲಿ ಹಳೆಯದೊಂದು ಚರ್ಚೆಯೂ ಇದೆ. ಷಿಕಾಗೊದ ಶಿಶುವಿಹಾರದ ಶಿಕ್ಷಕಿ ವಿವಿಯನ್ ಪೇಲಿ 1984ರ ಪುಸ್ತಕದಲ್ಲಿ ಹುಡುಗರ ಅತಿಮಾನವ ಆಟಗಳನ್ನು ಕತೆಗಳಾಗಿ ಓದಿದರು. ನ್ಯಾನ್ಸಿ ಕಾರ್ಲ್‌ಸನ್–ಪೇಜ್ ಮತ್ತು ಡಯೇನ್ ಲೆವಿನ್ 1987ರಲ್ಲಿ, ಟಿವಿ ಮತ್ತು ಆಟಿಕೆ ಕಂಪನಿಗಳು ಕೈಗಿಟ್ಟ ಆಟ ಮಗುವಿನ ಸ್ವಂತ ಕಲ್ಪನೆಯನ್ನು ಬರಿದಾಗಿಸುತ್ತದೆಂಬ ಆತಂಕ ಮುಂದಿಟ್ಟರೂ ನಿಷೇಧವೊಂದೇ ದಾರಿಯೆನ್ನಲಿಲ್ಲ. ಇಂಗ್ಲೆಂಡಿನ ಪೆನಿ ಹಾಲೆಂಡ್ ಅವರ 2003ರ ಅಧ್ಯಯನದ ಪ್ರಕಾರ ಬಂದೂಕಿನಾಟವನ್ನು ಸಾರಾಸಗಟಾಗಿ ನಿಷೇಧಿಸಿದ ಕಡೆ ಹುಡುಗರು ಸದಾ ಬೈಸಿಕೊಳ್ಳುವವರಾಗಿ, ಕಟ್ಟಿದ ಬಂದೂಕನ್ನು ಶಿಕ್ಷಕಿಯ ಮುಂದೆ ಬೇರೆ ಏನೋ ಎಂದು ಹೇಳುವ ಚಿಕ್ಕ ಸುಳ್ಳುಗಾರರಾಗಿ ಬೆಳೆಯುತ್ತಿದ್ದರು.

ಅಂಗಿ ಮತ್ತು ಟೋಪಿ

ಬಟ್ಟೆಯ ಮೇಲಿನ ಆಯುಧಚಿತ್ರಕ್ಕೆ ಮಾದರಿಯಾದ ಪ್ರಕರಣ ವರ್ಜೀನಿಯದ ಆಲ್ಬೆಮಾರ್ಲ್ ಕೌಂಟಿಯದು. 2002ರಲ್ಲಿ 12 ವರ್ಷದ ಹುಡುಗನೊಬ್ಬ ರಾಷ್ಟ್ರೀಯ ರೈಫಲ್ ಸಂಘದ ಗುರಿಕ್ರೀಡೆ ಶಿಬಿರದ ಟೀ ಶರ್ಟು ತೊಟ್ಟು ಮಾಧ್ಯಮಿಕ ಶಾಲೆಗೆ ಬಂದ. ಅದರ ಮೇಲೆ ಬಂದೂಕು ಹಿಡಿದು ಗುರಿಯಿಡುವ ಮೂವರ ನೆರಳುಚಿತ್ರ. ಊಟದ ಮನೆಯಲ್ಲಿ ಅದನ್ನು ಕಂಡ ಸಹ ಮುಖ್ಯೋಪಾಧ್ಯಾಯಿನಿಗೆ ಕೊಲಂಬೈನ್ ನೆನಪಾಯಿತು. ಅಂಗಿಯನ್ನು ಒಳಮಗ್ಗುಲು ತಿರುಗಿಸಿ ತೊಡಲು ಹೇಳಿದರು. ಮುಂದಿನ ವರ್ಷ ಶಾಲೆಯ ಉಡುಪು ನಿಯಮದ ನಿಷಿದ್ಧ ಪಟ್ಟಿಗೆ ಆಯುಧ ಎಂಬ ಪದವನ್ನೇ ಸೇರಿಸಲಾಯಿತು. ನಾಲ್ಕನೇ ಸರ್ಕಿಟ್ ನ್ಯಾಯಾಲಯ 2003ರಲ್ಲಿ ಈ ನಿಯಮ ಮಿತಿಮೀರಿ ಅಗಲವಾಗಿದೆಯೆಂದು ತಡೆಹಿಡಿಯಿತು. ಅಂಥ ಅಂಗಿಯಿಂದ ಆ ಶಾಲೆಯಲ್ಲಿ ಗಲಾಟೆಯಾದ ಒಂದು ಉದಾಹರಣೆಯೂ ಇರಲಿಲ್ಲ. ನ್ಯಾಯಾಲಯ ಕೊಟ್ಟ ಇನ್ನೊಂದು ಕಾರಣ ಸ್ವಾರಸ್ಯದ್ದು. ವರ್ಜೀನಿಯ ರಾಜ್ಯದ ಮುದ್ರೆಯಲ್ಲೇ ಕೆಡವಿದ ದೊರೆಯ ಮೇಲೆ ಕಾಲಿಟ್ಟು ಈಟಿ ಹಿಡಿದು ನಿಂತ ಹೆಣ್ಣಿದ್ದಾಳೆ. ಪಕ್ಕದ ವಿಶ್ವವಿದ್ಯಾನಿಲಯದ ಲಾಂಛನ ಎರಡು ಅಡ್ಡ ಕತ್ತಿಗಳು. ನಿಯಮವನ್ನು ಇದ್ದಂತೆಯೇ ಓದಿದರೆ ಇವೆರಡೂ ಶಾಲೆಯೊಳಗೆ ಬರುವಂತಿಲ್ಲ. ಅಷ್ಟೇಕೆ, ಅಲ್ಲಿನ ಕನ್ನಡದ ಮನೆಯ ಮಗು ನವರಾತ್ರಿಗೆ ಬರೆದ ಮಹಿಷಮರ್ದಿನಿಯ ಚಿತ್ರವಿರುವ ಅಂಗಿಯೂ ಬರುವಂತಿರಲಿಲ್ಲ.

ಇದೇ ಜಾಡಿನಲ್ಲಿ 2005ರಲ್ಲಿ ಇಂಡಿಯಾನದ ಫೋರ್ಟ್ ವೇನ್‌ನಲ್ಲಿ, ನೌಕಾಪಡೆಯ ಮೆರೀನ್ ದಳದ ರೈಫಲ್ ಪ್ರತಿಜ್ಞೆಯೂ ಎಂ–16 ಬಂದೂಕಿನ ಚಿತ್ರವೂ ಇದ್ದ ಅಂಗಿಯ ಪರವಾಗಿ ತೀರ್ಪು ಬಂತು. ವಿಸ್ಕಾನ್ಸಿನ್‌ನಲ್ಲಿ 2018ರಲ್ಲಿ ವೈವಿಧ್ಯವನ್ನು ಸಂಭ್ರಮಿಸಿ ಎಂಬ ಬರಹದ ಕೆಳಗೆ ಬಗೆಬಗೆಯ ಬಂದೂಕುಗಳನ್ನು ಸಾಲಾಗಿಟ್ಟ ಅಂಗಿ ನ್ಯಾಯಾಲಯಕ್ಕೆ ಹೋಯಿತು. ಉದಾರವಾದಿಗಳ ಘೋಷಣೆಯನ್ನು ಅಣಕಿಸುವ ಆ ಅಂಗಿಗೂ ತಾತ್ಕಾಲಿಕ ರಕ್ಷಣೆ ಸಿಕ್ಕಿತು. ಅದೇ ರಾಜ್ಯದ ಇನ್ನೊಂದು ಮೊಕದ್ದಮೆಯಲ್ಲಿ ಬಂದೂಕು ಕಂಪನಿಯ ಲಾಂಛನವಿದ್ದ ಅಂಗಿಯನ್ನು ತಡೆದ ಶಾಲೆ ಕೆಳ ನ್ಯಾಯಾಲಯದಲ್ಲಿ ಗೆದ್ದಿತ್ತು. 2022ರಲ್ಲಿ ಏಳನೇ ಸರ್ಕಿಟ್, ಇಲ್ಲಿ ಸಡಿಲವಾದ ಬೇರೆ ಅಳತೆಗೋಲು ಬೇಡ, ಟಿಂಕರ್ ಅಳತೆಗೋಲನ್ನೇ ಹಚ್ಚಿ ನೋಡಿ ಎಂದು ಪ್ರಕರಣವನ್ನು ಹಿಂದಕ್ಕೆ ಕಳಿಸಿತು.

ಈ ಸಾಲನ್ನೇ ನೋಡಿದರೆ ಶಾಲೆಗಳಿಗೆ ಎಲ್ಲೆಡೆ ಸೋಲೇ ಎನಿಸೀತು. ಹಾಗಿಲ್ಲವೆಂದು ತೋರಿಸಿದ್ದು ಮಿಷಿಗನ್‌ನ ಡ್ಯೂರಂಡ್ ಪಟ್ಟಣದ ಟೋಪಿ. 2022ರ ಫೆಬ್ರವರಿಯಲ್ಲಿ ಅಲ್ಲಿನ ಪ್ರಾಥಮಿಕ ಶಾಲೆ ಟೋಪಿ ದಿನ ಆಚರಿಸಿತು. ಮೂರನೇ ತರಗತಿಯ ಹುಡುಗಿ ತೊಟ್ಟು ಬಂದ ಕಪ್ಪು ಟೋಪಿಯ ಮೇಲೆ ಎ.ಆರ್.–15 ಮಾದರಿಯ ಬಂದೂಕಿನ ಚಿತ್ರ, ಜೊತೆಗೆ ಬಂದು ಕಸಿದುಕೋ ಎಂಬ ಸವಾಲು. ಈ ಸವಾಲಿಗೂ ಇತಿಹಾಸವಿದೆ. 1835ರಲ್ಲಿ ಟೆಕ್ಸಾಸಿನ ಗೊಂಜಾಲೆಸ್ ಜನ ತಮ್ಮ ಫಿರಂಗಿಯನ್ನು ಮೆಕ್ಸಿಕೊ ಸೈನ್ಯಕ್ಕೆ ಒಪ್ಪಿಸಲು ನಿರಾಕರಿಸಿದಾಗ ಅದನ್ನು ಬಾವುಟದ ಮೇಲೆ ಬರೆದಿದ್ದರು. ಇಂದು ಅದು ಬಂದೂಕು ಹಕ್ಕಿನ ಪರ ಇರುವವರ ಘೋಷವಾಕ್ಯ. ಶಾಲೆ ಟೋಪಿ ತೆಗೆಸಿತು. ಕೆಲವೇ ತಿಂಗಳ ಹಿಂದೆ ಅದೇ ರಾಜ್ಯದ ಆಕ್ಸ್‌ಫರ್ಡ್ ಪ್ರೌಢಶಾಲೆಯಲ್ಲಿ ನಾಲ್ವರು ವಿದ್ಯಾರ್ಥಿಗಳು ಗುಂಡಿಗೆ ಬಲಿಯಾಗಿದ್ದರು. ಆಕ್ಸ್‌ಫರ್ಡಿನಿಂದ ಬಂದ ಮಕ್ಕಳು ಡ್ಯೂರಂಡ್ ಶಾಲೆಗಳಿಗೆ ಸೇರಿಕೊಂಡಿದ್ದರು. ಆ ಬಂದೂಕಿನ ಚಿತ್ರವೂ ಕಸಿದುಕೋ ಎಂಬ ಮಾತೂ ಚಿಕ್ಕ ಮಕ್ಕಳ ನಡುವೆ ಏನನ್ನು ಎಬ್ಬಿಸೀತೆಂದು ಊಹಿಸಲು ಶಾಲೆಗೆ ಆಧಾರವಿತ್ತೆಂದು ಆರನೇ ಸರ್ಕಿಟ್ 2025ರ ಮೇ ತಿಂಗಳಲ್ಲಿ ಶಾಲೆಯ ಪರ ತೀರ್ಪು ಕೊಟ್ಟಿತು. ಟಿಂಕರ್ ಅಳತೆಗೋಲು ಬದಲಾಗಲಿಲ್ಲ. ಆಲ್ಬೆಮಾರ್ಲ್‌ನ ಶಾಲೆಗೆ ನೆನಪಾದದ್ದು ದೂರದ ಕೊಲಂಬೈನ್, ಡ್ಯೂರಂಡಿನಲ್ಲಿ ದುಃಖ ಶಾಲೆಯ ಒಳಗೇ ಇತ್ತು. ಆದರೆ ಈ ವಾದವನ್ನು ಹಿಗ್ಗಿಸಿದರೆ, ನೋಡಿದವನಿಗೆ ನೋವಾಯಿತೆಂಬ ಒಂದೇ ಕಾರಣಕ್ಕೆ ಆಡುವವನ ಬಾಯಿ ಮುಚ್ಚಿಸಿದಂತಾಗುತ್ತದೆಂಬ ಟೀಕೆಯೂ ಇದೆ, ಅದು ತಳ್ಳಿಹಾಕುವಂಥದ್ದಲ್ಲ.

ಕವನ, ಕತೆ, ಗೀಚು

ಅಂಗಿಯ ಚಿತ್ರ ಸಾಮಾನ್ಯವಾಗಿ ಅಂಗಡಿಯದು. ಮಗು ತಾನೇ ಬರೆದದ್ದು ಅವನ ಒಳಗಿನಿಂದ ಬಂದದ್ದು. ಹಾಗಾಗಿ ಅದರ ಓದು ಇನ್ನೂ ಕಷ್ಟ. 1998ರಲ್ಲಿ ವಾಷಿಂಗ್ಟನ್ ರಾಜ್ಯದ ಬ್ಲೇನ್‌ನಲ್ಲಿ ವಿದ್ಯಾರ್ಥಿಯೊಬ್ಬ ಸಹಪಾಠಿಗಳನ್ನು ಕೊಂದವನ ದನಿಯಲ್ಲಿ ಬರೆದ ಕವನವನ್ನು ತಾನಾಗಿ ಶಿಕ್ಷಕಿಗೆ ತೋರಿಸಿದ. ಶಾಲೆ ಅವನನ್ನು ತುರ್ತಾಗಿ ಹೊರಹಾಕಿ, ಮನೋವೈದ್ಯರು ನೋಡಿದ ಮೇಲೆ ಮರಳಿ ಸೇರಿಸಿಕೊಂಡಿತು. ಒಂಬತ್ತನೇ ಸರ್ಕಿಟ್ 2001ರಲ್ಲಿ ಕೊಟ್ಟ ತೀರ್ಪು ಎರಡು ಮಗ್ಗುಲಿನದು: ಅವನ ಮನಸ್ಥಿತಿಯ ಬಗ್ಗೆ ಶಾಲೆಗೆ ತಿಳಿದಿದ್ದ ಇತರ ಸಂಗತಿಗಳ ಜೊತೆಗಿಟ್ಟು ನೋಡಿದರೆ ತುರ್ತು ಕ್ರಮ ಸರಿ, ಆದರೆ ಅಪಾಯವಿಲ್ಲವೆಂದು ಗೊತ್ತಾದ ಮೇಲೂ ಅವನ ದಾಖಲೆಯಲ್ಲಿ ಕಪ್ಪುಚುಕ್ಕೆ ಉಳಿಸುವುದು ಸರಿಯಲ್ಲ. ಕ್ಯಾಲಿಫೋರ್ನಿಯದ 15 ವರ್ಷದ ಹುಡುಗನ ಪಾಡು ಇನ್ನೂ ಕಠಿಣವಾಗಿತ್ತು. 2001ರಲ್ಲಿ ಸಹಪಾಠಿಗಳಿಗೆ ಕೊಟ್ಟ ಕತ್ತಲ ಕವನಕ್ಕಾಗಿ ಅವನಿಗೆ ಬಾಲಾಪರಾಧಿ ಗೃಹವಾಸ ವಿಧಿಸಲಾಯಿತು. ರಾಜ್ಯದ ಸುಪ್ರೀಂ ಕೋರ್ಟು 2004ರಲ್ಲಿ ಅದನ್ನು ರದ್ದುಮಾಡಿತು. ಆ ಹುಡುಗನ ಪರವಾಗಿ ಕೋರ್ಟಿಗೆ ಮನವಿ ಸಲ್ಲಿಸಿದ ಲೇಖಕರಲ್ಲಿ ನೊಬೆಲ್ ಪುರಸ್ಕೃತ ಕಾದಂಬರಿಕಾರ ಜೆ. ಎಂ. ಕುಟ್ಸಿಯವರೂ ಇದ್ದರು. ಕವನದ ನಾನು ಬರೆದವನೇ ಆಗಬೇಕಿಲ್ಲವೆಂಬ, ಸಾಹಿತ್ಯ ಓದುವವರಿಗೆ ಹಳೆಯದಾದ ಮಾತು ಅಲ್ಲಿ ಕಾನೂನಿನ ವಾದವಾಯಿತು.

ಲೂಯಿಸಿಯಾನದ ಪೋರ್ಟರ್ ಪ್ರಕರಣದಲ್ಲಿ ಹುಡುಗ ಶಾಲೆಯ ಮೇಲೆ ಕ್ಷಿಪಣಿ, ಹೆಲಿಕಾಪ್ಟರುಗಳ ಮುತ್ತಿಗೆಯ ಚಿತ್ರವನ್ನು ಬರೆದದ್ದು ಮನೆಯಲ್ಲಿ. ಎರಡು ವರ್ಷದ ಮೇಲೆ ಅವನ ತಮ್ಮ ಅದೇ ಚಿತ್ರಪುಸ್ತಕವನ್ನು ಏನೂ ಅರಿಯದೆ ಶಾಲೆಗೆ ಒಯ್ದ. ಅಣ್ಣ ಶಾಲೆ ಕಳೆದುಕೊಂಡ, ಸೆರೆವಾಸವನ್ನೂ ಅನುಭವಿಸಿದ. ಯಾರಿಗೂ ತೋರಿಸಬೇಕೆಂದು ಬರೆಯದ ಚಿತ್ರ ಬೆದರಿಕೆಯಾಗದು ಎಂದು ಐದನೇ ಸರ್ಕಿಟ್ 2004ರಲ್ಲಿ ಹೇಳಿದರೂ ಕಾನೂನು ಅಸ್ಪಷ್ಟವಾಗಿತ್ತೆಂದು ಮುಖ್ಯೋಪಾಧ್ಯಾಯರನ್ನು ಹೊಣೆಯಿಂದ ಬಿಡಿಸಿತು. ನ್ಯೂಯಾರ್ಕ್ ರಾಜ್ಯದಲ್ಲಿ 10 ವರ್ಷದ ಹುಡುಗ, ಗಗನಯಾತ್ರಿಯ ಚಿತ್ರದೊಳಗೆ ತನ್ನದೊಂದು ಆಸೆ ಬರೆಯಬೇಕಾದ ತರಗತಿಯ ಕೆಲಸದಲ್ಲಿ, ಶಿಕ್ಷಕರ ಸಮೇತ ಶಾಲೆಯನ್ನು ಸ್ಫೋಟಿಸುವ ಆಸೆಯನ್ನು ಬಣ್ಣದ ಕಡ್ಡಿಯಲ್ಲಿ ಬರೆದ. ಸಹಪಾಠಿಗಳು ನಕ್ಕರು, ಒಬ್ಬ ಹುಡುಗಿ ಶಿಕ್ಷಕಿಗೆ ತಿಳಿಸಿದಳು. 2012ರಲ್ಲಿ ಎರಡನೇ ಸರ್ಕಿಟ್ ಅವನ 6 ದಿನದ ಅಮಾನತನ್ನು ಎತ್ತಿಹಿಡಿಯಿತು, ಒಬ್ಬ ನ್ಯಾಯಾಧೀಶರು ಒಪ್ಪಲಿಲ್ಲ. ವಾಟ್ಸ್ ಪ್ರಕರಣದಲ್ಲಿ ಬಿಡುಗಡೆಗೆ ನೆರವಾದ ನಗು ಇಲ್ಲಿ ಉಪಯೋಗಕ್ಕೆ ಬರಲಿಲ್ಲ.

ಹಾಗಿದ್ದರೆ ಗೀಚನ್ನು ಲಕ್ಷ್ಯಕ್ಕೇ ತೆಗೆದುಕೊಳ್ಳಬಾರದೆ? ಆಕ್ಸ್‌ಫರ್ಡ್ ಇದಕ್ಕೆ ಉತ್ತರ. 2021ರ ನವೆಂಬರ್ 30ರ ಬೆಳಿಗ್ಗೆ 15 ವರ್ಷದ ಹುಡುಗನೊಬ್ಬನ ಗಣಿತದ ಹಾಳೆಯ ಮೇಲೆ ಶಿಕ್ಷಕಿ ಬಂದೂಕು, ಗುಂಡು, ರಕ್ತ ಸುರಿಯುವ ದೇಹದ ಚಿತ್ರವನ್ನೂ ಸಹಾಯಕ್ಕಾಗಿ ಮೊರೆಯಿಡುವ ಮಾತುಗಳನ್ನೂ ಕಂಡರು. ಹಿಂದಿನ ದಿನ ಅವನು ತರಗತಿಯಲ್ಲಿ ಫೋನಿನಲ್ಲಿ ಗುಂಡು ಹುಡುಕುತ್ತಿದ್ದುದೂ ಶಾಲೆಗೆ ಗೊತ್ತಿತ್ತು. ತಂದೆತಾಯಿಯನ್ನು ಕರೆಸಲಾಯಿತು. ಅವರು ಮಗನನ್ನು ಮನೆಗೆ ಕರೆದೊಯ್ಯಲಿಲ್ಲ, ಕೊಡಿಸಿದ ಪಿಸ್ತೂಲಿನ ಮಾತೆತ್ತಲಿಲ್ಲ. ಅವನ ಚೀಲವನ್ನು ಯಾರೂ ನೋಡಲಿಲ್ಲ. ತರಗತಿಗೆ ಮರಳಿದವನು ಸುಮಾರು ಎರಡು ಗಂಟೆಯೊಳಗೆ ನಾಲ್ವರನ್ನು ಕೊಂದ. 2024ರಲ್ಲಿ ತಂದೆತಾಯಿ ಇಬ್ಬರಿಗೂ ನರಹತ್ಯೆಯ ಅಪರಾಧದಲ್ಲಿ ಸೆರೆಯಾಯಿತು. ಇಲ್ಲಿ ಕೊರತೆಯಾದದ್ದು ನಿಷೇಧವಲ್ಲ. ಶಿಕ್ಷಕಿಯ ಕಣ್ಣಿಗೆ ಚಿತ್ರ ಬಿದ್ದಿತ್ತು, ಮೇಲಿನವರಿಗೂ ತಲುಪಿತ್ತು. ಅದನ್ನು ಇತರ ಸಂಗತಿಗಳ ಜೊತೆಗಿಟ್ಟು ಓದುವ ಕ್ರಮಬದ್ಧ ವಿಚಾರಣೆ ನಡೆಯಲಿಲ್ಲ.

ಬೆದರಿಕೆಯ ಮೌಲ್ಯಮಾಪನ

ಅಂಥ ಓದಿಗೆ ಬೆದರಿಕೆಯ ಮೌಲ್ಯಮಾಪನ ಎಂದು ಹೆಸರು. ಅಧ್ಯಕ್ಷರ ರಕ್ಷಣೆಗೆಂದು ಈ ವಿದ್ಯೆಯನ್ನು ಬೆಳೆಸಿದ ಸೀಕ್ರೆಟ್ ಸರ್ವಿಸ್, ಶಿಕ್ಷಣ ಇಲಾಖೆಯ ಜೊತೆಗೂಡಿ 1974ರಿಂದ 2000ದವರೆಗಿನ 37 ಶಾಲಾ ದಾಳಿಗಳನ್ನೂ 41 ದಾಳಿಕೋರರನ್ನೂ ಅಧ್ಯಯನ ಮಾಡಿತು. 2002ರ ವರದಿಯ ಪ್ರಕಾರ ದಾಳಿಕೋರನ ಇಂಥದ್ದೇ ಎಂಬ ಒಂದು ಮಾದರಿಯಿಲ್ಲ. ಬಹುಪಾಲು ದಾಳಿಗಳಲ್ಲಿ ಬೇರೆ ಯಾರಿಗಾದರೂ ಯೋಜನೆ ಮೊದಲೇ ತಿಳಿದಿತ್ತು. ಹಿಂಸೆಯ ವಿಡಿಯೊ ಆಟಗಳಲ್ಲಿ ಆಸಕ್ತಿ ತೋರಿದ್ದವರು ಶೇ 12 ಮಾತ್ರ, ತಮ್ಮದೇ ಕವನ, ಪ್ರಬಂಧ, ದಿನಚರಿಗಳಲ್ಲಿ ತೋರಿದ್ದವರು ಶೇ 37. ಈ ಕೊನೆಯ ಅಂಕಿಯನ್ನು ತಿರುಗುಮುರುಗಾಗಿ ಓದುವ ಅಪಾಯವಿದೆ. ದಾಳಿಕೋರರಲ್ಲಿ ಹಲವರು ಹಿಂಸೆಯ ಬಗ್ಗೆ ಬರೆದಿದ್ದರೆಂದರೆ ಹಿಂಸೆಯ ಬಗ್ಗೆ ಬರೆಯುವವರೆಲ್ಲ ದಾಳಿಕೋರರೆಂದು ಅರ್ಥವಲ್ಲ. ಉಳಿದ ಶೇ 63 ಮಂದಿಯ ಬರಹದಲ್ಲಿ ಅಂಥದ್ದೇನೂ ಕಂಡಿರಲಿಲ್ಲ ಎಂಬುದನ್ನೂ ಮರೆಯಬಾರದು.

ವರ್ಜೀನಿಯ ವಿಶ್ವವಿದ್ಯಾನಿಲಯದ ಮನೋವಿಜ್ಞಾನಿ ಡೂಯಿ ಕಾರ್ನೆಲ್ ಮತ್ತು ಸಂಗಡಿಗರು 2001ರಿಂದ ರೂಪಿಸಿದ ಕ್ರಮ ಹೆಚ್ಚು ಬಳಕೆಯಲ್ಲಿದೆ. ಶಾಲೆಯ ಆಡಳಿತಗಾರ, ಆಪ್ತಸಲಹೆಗಾರ, ಮನೋವಿಜ್ಞಾನಿ, ಪೊಲೀಸ್ ಅಧಿಕಾರಿ ಸೇರಿದ ತಂಡ ಮೊದಲು ಮಗುವನ್ನೂ ಕಂಡವರನ್ನೂ ಮಾತಾಡಿಸುತ್ತದೆ. ಸಿಟ್ಟಿನಲ್ಲೋ ತಮಾಷೆಯಲ್ಲೋ ಹೊರಬಿದ್ದು, ವಿವರಣೆ ಅಥವಾ ಕ್ಷಮೆಯೊಂದಿಗೆ ಮುಗಿಯುವುದು ಕ್ಷಣಿಕ ಬೆದರಿಕೆ. ಗುರಿ, ಯೋಜನೆ, ಸಾಧನ, ಮುಂದುವರಿದ ಉದ್ದೇಶ ಕಾಣುವುದು ಗಂಭೀರ ಬೆದರಿಕೆ. ಎರಡನೆಯದಕ್ಕೆ ಮಾತ್ರ ರಕ್ಷಣೆಯ ಏರ್ಪಾಡು, ಮನೋವೈದ್ಯಕೀಯ ಪರೀಕ್ಷೆ, ಪೊಲೀಸ್ ತನಿಖೆ. 2013ರಿಂದ ವರ್ಜೀನಿಯದ ಎಲ್ಲ ಸರ್ಕಾರಿ ಶಾಲೆಗಳಿಗೂ ಇಂಥ ತಂಡ ಕಡ್ಡಾಯ. ಪೇಸ್ಟ್ರಿ ಬೀಸಿದ ಹುಡುಗನ ವಿಚಾರಣೆ ಈ ಕ್ರಮದಲ್ಲಿ ಐದು ನಿಮಿಷಕ್ಕೆ ಮುಗಿಯುತ್ತಿತ್ತು, ಗಣಿತದ ಹಾಳೆಯದು ಮುಗಿಯುತ್ತಿರಲಿಲ್ಲ.

ಇತರ ಸನ್ನಿವೇಶಗಳು

ಅಂತರಜಾಲ ಶಾಲೆಯ ಗೋಡೆಯನ್ನು ತೆಳುವಾಗಿಸಿತು. ನ್ಯೂಯಾರ್ಕಿನ ವೀಡ್ಸ್‌ಪೋರ್ಟ್‌ನಲ್ಲಿ ವಿದ್ಯಾರ್ಥಿಯೊಬ್ಬ ಮನೆಯ ಕಂಪ್ಯೂಟರಿನಲ್ಲಿ ತನ್ನ ಗುರುತುಚಿತ್ರವಾಗಿ ತಲೆಗೆ ಗುಂಡಿಕ್ಕುವ ಪಿಸ್ತೂಲನ್ನಿಟ್ಟು, ಕೆಳಗೆ ಇಂಗ್ಲಿಷ್ ಶಿಕ್ಷಕರನ್ನು ಕೊಲ್ಲಿರೆಂದು ಬರೆದಿದ್ದ. ಅದು ತಮಾಷೆಯೆಂದು ಪೊಲೀಸರೂ ಮನೋವಿಜ್ಞಾನಿಯೂ ಹೇಳಿದರು. ಆದರೂ ಅದು ಶಾಲೆಗೆ ತಲುಪೀತೆಂದು ಮೊದಲೇ ಊಹಿಸಬಹುದಾಗಿತ್ತೆಂದು 2007ರಲ್ಲಿ ನ್ಯಾಯಾಲಯ ಅವನ ಅರ್ಧ ವರ್ಷದ ಅಮಾನತನ್ನು ಒಪ್ಪಿತು. ಕೋವಿಡ್ ಕಾಲದಲ್ಲಿ ತರಗತಿಯೇ ಮನೆಯೊಳಗೆ ಬಂದಾಗ ಸಮಸ್ಯೆ ತಲೆಕೆಳಗಾಯಿತು. 2020ರಲ್ಲಿ ಕೊಲೊರಾಡೊದಲ್ಲಿ ಆಟಿಕೆ ಬಂದೂಕು, ಲೂಯಿಸಿಯಾನದಲ್ಲಿ ಛರ್ರೆ ಬಂದೂಕು ಕ್ಯಾಮೆರಾದ ಮುಂದೆ ಕಂಡಿತೆಂದು ಮಕ್ಕಳು ತಮ್ಮ ಮನೆಯ ಕೋಣೆಯಲ್ಲೇ ಕೂತು ಅಮಾನತಾದರು. ಲೂಯಿಸಿಯಾನ ಅದೇ ವರ್ಷ, ಆನ್‌ಲೈನ್ ತರಗತಿಗೆ ತಕ್ಕ ಶಿಸ್ತಿನ ನಿಯಮಗಳನ್ನು ಶಾಲಾಮಂಡಳಿಗಳು ರಚಿಸಬೇಕೆಂದು ಕಾನೂನು ಮಾಡಿತು.

ಶಾಲಾ ವಾರ್ಷಿಕ ಸಂಚಿಕೆಯ ಚಿತ್ರಗಳಲ್ಲಿ ಊರಿನ ರೂಢಿಗೇ ಹೆಚ್ಚು ಬೆಲೆ. ಬೇಟೆ ಬದುಕಿನ ಭಾಗವಾಗಿರುವ ನೆಬ್ರಾಸ್ಕದ ಬ್ರೋಕನ್ ಬೋ ಪಟ್ಟಣದ ಶಾಲಾಮಂಡಳಿ, ಕೊನೆಯ ವರ್ಷದ ವಿದ್ಯಾರ್ಥಿಗಳು ಸಭ್ಯವಾಗಿ ಬಂದೂಕು ಹಿಡಿದು ನಿಂತ ಚಿತ್ರಗಳಿಗೆ 2014ರಲ್ಲಿ ಒಪ್ಪಿಗೆ ಕೊಟ್ಟಿತು. ನ್ಯೂಹ್ಯಾಂಪ್‌ಶೈರಿನ ಲಂಡನ್‌ಡೆರಿಯಲ್ಲಿ ಅಂಥದ್ದೇ ಚಿತ್ರವನ್ನು ತಿರಸ್ಕರಿಸಿದ್ದು ವಿದ್ಯಾರ್ಥಿ ಸಂಪಾದಕರು. ಸಂಪಾದಕರ ಆಯ್ಕೆ ಸರ್ಕಾರದ ಕೃತ್ಯವಲ್ಲವೆಂದು 2005ರಲ್ಲಿ ನ್ಯಾಯಾಲಯ ಕೈಬಿಟ್ಟಿತು.

ಸಿಖ್ ಮಕ್ಕಳ ಕಿರ್ಪಾಣ್ ಚಿತ್ರವಲ್ಲ, ವಸ್ತುವೇ. ಆದರೆ ತೊಟ್ಟವರಿಗೆ ಅದು ಆಯುಧವಲ್ಲ, ಧರ್ಮಚಿಹ್ನೆ. ಕ್ಯಾಲಿಫೋರ್ನಿಯದ ಲಿವಿಂಗ್‌ಸ್ಟನ್ ಶಾಲೆಗಳಲ್ಲಿ ಅದನ್ನು ಪೂರ್ತಿ ನಿಷೇಧಿಸಿದ್ದು 1995ರ ಚೀಮಾ ಪ್ರಕರಣದಲ್ಲಿ ಉಳಿಯಲಿಲ್ಲ. ಮೊಂಡಾದ ಚಿಕ್ಕ ಅಲಗು, ಒರೆಗೆ ಭದ್ರವಾಗಿ ಸೇರಿಸಿ ಬಟ್ಟೆಯ ಒಳಗೆ ತೊಡುವುದು ಎಂಬ ಷರತ್ತುಗಳೊಂದಿಗೆ ಮಕ್ಕಳು ಶಾಲೆಗೆ ಮರಳಿದರು. ಕೆನಡಾದ ಸುಪ್ರೀಂ ಕೋರ್ಟು 2006ರ ಮುಲ್ತಾನಿ ತೀರ್ಪಿನಲ್ಲಿ ಇದೇ ಬಗೆಯ ಏರ್ಪಾಡನ್ನು ಒಪ್ಪಿತು. ಶಾಲೆಯಲ್ಲಿ ಕತ್ತರಿ, ಕೈವಾರ, ಬೇಸ್‌ಬಾಲ್ ದಾಂಡು ಎಲ್ಲವೂ ಸುಲಭವಾಗಿ ಸಿಗುವಾಗ ಹೊಲಿದು ಮುಚ್ಚಿದ ಕಿರ್ಪಾಣ್ ಒಂದನ್ನೇ ಅಪಾಯವೆನ್ನುವುದು ಅಲ್ಲಿ ನಿಲ್ಲಲಿಲ್ಲ.

ಆಯುಧಚಿತ್ರವಿರುವ ಉಡುಪಿನ ಬಗ್ಗೆ ಅಮೆರಿಕದ ಸುಪ್ರೀಂ ಕೋರ್ಟಿನ ನೇರ ತೀರ್ಪು ಇಲ್ಲ. ಹೀಗಾಗಿ ಪ್ರತಿ ಸರ್ಕಿಟ್ಟಿನ ವ್ಯಾಪ್ತಿಯಲ್ಲೂ ಅಲ್ಲಲ್ಲಿನ ತೀರ್ಪೇ ಪ್ರಮಾಣ. ವರ್ಜೀನಿಯದ ಶಾಲೆ ಆಲ್ಬೆಮಾರ್ಲ್ ತೀರ್ಪನ್ನೂ ಮಿಷಿಗನ್ನಿನ ಶಾಲೆ ಡ್ಯೂರಂಡ್ ತೀರ್ಪನ್ನೂ ಮುಂದಿಟ್ಟುಕೊಂಡು ತನ್ನ ನಿಯಮಪುಸ್ತಕ ಬರೆಯುತ್ತದೆ. ಫ್ಲಾರಿಡದ ಶಾಲೆ ಅದಕ್ಕೂ ಮೊದಲು ಪೇಸ್ಟ್ರಿಯ ಕಾನೂನನ್ನು ನೋಡಬೇಕು.